ಐದು ತೊಡಿಗೆ, ಒಂದು ಓಲೆಕಟ್ಟು : ನೆಲೆ ತಪ್ಪಿದ ಕುಲಗಳ ಕುರುಹುಗಳನ್ನು ಓದುವ ಕ್ರಮ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಆಂಧ್ರದ ಗಡಿಗೆ ಸಮೀಪದ ಊರು. ಮನೆಯಲ್ಲಿ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ ಎಂಬ ವ್ಯವಹಾರ ಈ ಸೀಮೆಗೆ ಸಹಜವಾದುದು. ಇಂಥ ಗಡಿಸೀಮೆಗಳಲ್ಲಿ ಹಳೆಯ ಓಲೆಗಳನ್ನು ಅರಸಿ ತಿರುಗಿದವರಿಗೆಲ್ಲ ಒಂದು ಮಾತು ಪರಿಚಿತ. ಅಟ್ಟದ ಮೇಲಿನ ಕಟ್ಟನ್ನು ಕೆಳಗಿಳಿಸಿ, ಧೂಳು ಒರೆಸಿ, ಮಣೆಯ ಮೇಲಿಡುತ್ತ ಮನೆಯ ಹಿರಿಯರು ಹೇಳುವ ಮಾತು ಅದು: ‘ಇದು ನಮ್ಮ ಪೂರ್ವಿಕರು ಊರು ಬಿಟ್ಟು ಬರುವಾಗ ಹೊತ್ತು ತಂದದ್ದು.’ ಯಾವ ಊರು, ಯಾವ ಕಾಲ, ಏಕೆ ಬಿಟ್ಟರು ಎಂಬ ಪ್ರಶ್ನೆಗಳಿಗೆ ಉತ್ತರ ಸಾಮಾನ್ಯವಾಗಿ ಅಸ್ಪಷ್ಟ. ಆದರೆ ಹೊತ್ತು ತಂದರೆಂಬ ವಿಷಯದಲ್ಲಿ ಮಾತ್ರ ಅವರಿಗೆ ಸಂದೇಹವಿಲ್ಲ.

ಈ ಮಾತನ್ನು ಹಸ್ತಪ್ರತಿ ಶಾಸ್ತ್ರದ ವಿದ್ಯಾರ್ಥಿ ಹೇಗೆ ಸ್ವೀಕರಿಸಬೇಕು? ಇದುವರೆಗೆ ನಮ್ಮಲ್ಲಿ ಎರಡು ಬಗೆಯ ಧೋರಣೆಗಳು ಕಂಡುಬಂದಿವೆ. ಮನೆಯವರ ಮಾತನ್ನೇ ಪ್ರಮಾಣವೆಂದು ಹಿಡಿದು ಪ್ರತಿಯ ಇತಿಹಾಸವನ್ನು ಕಟ್ಟುವುದು ಒಂದು. ಅದು ಕೇವಲ ಐತಿಹ್ಯವೆಂದು ತಳ್ಳಿ, ಗ್ರಂಥದ ಹೆಸರು, ಕರ್ತೃ, ಗರಿಗಳ ಸಂಖ್ಯೆ ಇಷ್ಟನ್ನೇ ಬರೆದುಕೊಂಡು ಬರುವುದು ಇನ್ನೊಂದು. ಈ ಎರಡೂ ಧೋರಣೆಗಳು ದೋಷಯುಕ್ತವಾದುವು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ದೇಶಭ್ರಷ್ಟರಾಗಿ ಕುರುಹುಗಳೊಡನೆ ಬಂದವರೆಂದು ಹೇಳಿಕೊಂಡ ಜೈನ ರಾಜಕುಲವೊಂದಕ್ಕೆ ಈ ಕೋಲಾರವೇ, ಎಂದರೆ ಶಾಸನಗಳ ಕುವಲಾಲಪುರವೇ, ಮೊದಲ ನೆಲೆ. ಆ ಕುಲ ಗಂಗರದು.

೧. ಕಲ್ಲೂರುಗುಡ್ಡದ ವೃತ್ತಾಂತ

ಗಂಗವಂಶದ ಮೂಲವನ್ನು ವಿಸ್ತಾರವಾಗಿ ಹೇಳುವ ಶಾಸನಗಳಲ್ಲಿ ಶಿವಮೊಗ್ಗ ತಾಲ್ಲೂಕಿನ ಕಲ್ಲೂರುಗುಡ್ಡದ ಶಾಸನ ಪ್ರಮುಖವಾದುದು. ಇದರ ಕಾಲ ಕ್ರಿ.ಶ. ೧೧೨೨ರ ಸುಮಾರು. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ‘ಎಪಿಗ್ರಾಫಿಯ ಕರ್ಣಾಟಿಕ’ದ ಏಳನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದಂದಿನಿಂದ ಇದರ ಕಥೆ ವಿದ್ವತ್‌ಲೋಕಕ್ಕೆ ಪರಿಚಿತವಾಗಿದೆ. ಪ್ರಕೃತಕ್ಕೆ ಬೇಕಾದಷ್ಟನ್ನು ಮಾತ್ರ ಇಲ್ಲಿ ಸಂಗ್ರಹಿಸಿಕೊಡುತ್ತೇನೆ.

ಇಕ್ಷ್ವಾಕು ಕುಲದ ಅರಸನೊಬ್ಬನು ಪಾರ್ಶ್ವಭಟ್ಟಾರಕರಿಗೆ ಕೇವಲಜ್ಞಾನವಾದಾಗ ಭಕ್ತಿಯಿಂದ ಪೂಜೆ ಮಾಡಿದನು. ಅದಕ್ಕೆ ಮೆಚ್ಚಿದ ಇಂದ್ರನು ಐದು ದಿವ್ಯ ತೊಡಿಗೆಗಳನ್ನು ಕೊಟ್ಟು, ಮುಂದೆ ಈ ವಂಶದಲ್ಲಿ ಮಿಥ್ಯಾದೃಷ್ಟಿಗಳು ಹುಟ್ಟಿದರೆ ಇವು ಮಾಯವಾಗುವುವೆಂದು ಎಚ್ಚರಿಸಿದನು. ಅದೇ ವಂಶದ ಪದ್ಮನಾಭನ ಕಾಲದಲ್ಲಿ ಉಜ್ಜಯಿನಿಯ ಮಹೀಪಾಲನು ಆ ತೊಡಿಗೆಗಳನ್ನು ಕೊಡೆಂದು ಮೇಲೆ ಬಿದ್ದನು. ಪದ್ಮನಾಭನು ಒಪ್ಪದೆ, ತನ್ನ ಮಕ್ಕಳಾದ ದಡಿಗ ಮಾಧವರನ್ನು, ಅವರ ತಂಗಿಯನ್ನು, ನಾಲ್ವತ್ತೆಂಟು ಮಂದಿ ಬ್ರಾಹ್ಮಣರನ್ನು ಕೂಡಿಸಿ, ಆ ಕುರುಹುಗಳೊಡನೆ ದಕ್ಷಿಣಕ್ಕೆ ಕಳುಹಿಸಿದನು. ಅವರು ಪೇರೂರಿಗೆ ಬಂದಾಗ ಅಲ್ಲಿ ಸಿಂಹನಂದ್ಯಾಚಾರ್ಯರನ್ನು ಕಂಡರು. ಆಚಾರ್ಯರ ಅನುಗ್ರಹದಿಂದ ಖಡ್ಗವೂ ರಾಜ್ಯವೂ ದೊರೆತುವು. ಕರ್ಣಿಕಾರದ ಎಸಳುಗಳೇ ಕಿರೀಟವಾದುವು, ಮುನಿಗಳ ಪಿಂಛವೇ ಧ್ವಜವಾಯಿತು. ನಂದಗಿರಿ ಕೋಟೆ, ಕುವಲಾಲ ಪಟ್ಟಣ, ತೊಂಬತ್ತಾರುಸಾಸಿರ ನಾಡು, ಜಿನೇಂದ್ರನೇ ದೈವ, ಜಿನಮತವೇ ಮತ ಎಂಬ ವ್ಯವಸ್ಥೆಯಾಯಿತು. ಕೊನೆಗೆ ಆಚಾರ್ಯರು ಕೆಲವು ನಿಯಮಗಳನ್ನು ವಿಧಿಸಿದರು. ನುಡಿದಂತೆ ನಡೆಯದಿದ್ದರೆ, ಜಿನಶಾಸನಕ್ಕೆ ಒಡಂಬಡದಿದ್ದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ಕಾಳಗದಲ್ಲಿ ಬೆನ್ನು ತೋರಿದರೆ ಕುಲವು ಕೆಡುವುದೆಂಬುದು ಅವುಗಳ ಸಾರ.

ಪೇರೂರನ್ನು ಇಂದಿನ ಕಡಪ ಸೀಮೆಯ ಗಂಗಪೇರೂರೆಂದು ಗುರುತಿಸಲಾಗಿದೆ. ಅಲ್ಲಿಂದ ಕೋಲಾರಕ್ಕೆ ಬರುವವರು ಮದನಪಲ್ಲಿ, ಗೌನಿಪಲ್ಲಿಗಳ ಸೀಮೆಯನ್ನೋ ಅದರ ಆಸುಪಾಸನ್ನೋ ಹಾದು ಬರುವುದು ಸಹಜ. ಇದು ಭೂಗೋಳದ ಮಾತೇ ಹೊರತು ಚರಿತ್ರೆಯ ಆಧಾರವಲ್ಲ. ದಾರಿ ಇದ್ದಮಾತ್ರಕ್ಕೆ ನಡೆದವರಿದ್ದರೆಂದು ಸಿದ್ಧವಾಗದು.

೨. ಕಥೆಯ ಪರೀಕ್ಷೆ

ರೈಸ್ ಅವರು ಈ ವೃತ್ತಾಂತಕ್ಕೆ ಸಾಕಷ್ಟು ಚಾರಿತ್ರಿಕ ಬೆಲೆಯನ್ನು ಕೊಟ್ಟರು. ಅನಂತರದ ಹಲವರು ಇದನ್ನು ಪೂರ್ಣವಾಗಿ ಕಲ್ಪನೆಯೆಂದು ಬದಿಗಿಟ್ಟರು. ಎರಡು ಪಕ್ಷದವರೂ ಕೇಳಿದ ಪ್ರಶ್ನೆ ಒಂದೇ: ಇದು ನಡೆಯಿತೇ, ಇಲ್ಲವೇ? ಆದರೆ ಇದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಇದನ್ನು ಹೇಳುತ್ತಿರುವವರು ಯಾರು, ಯಾವ ಸ್ಥಿತಿಯಲ್ಲಿ ಹೇಳುತ್ತಿದ್ದಾರೆ?

ಗಂಗರ ಪ್ರಾಚೀನ ತಾಮ್ರಶಾಸನಗಳಲ್ಲಿ ಈ ವಲಸೆಯ ಕಥೆ ಇಲ್ಲ. ಅವು ಕೊಂಗಣಿವರ್ಮನನ್ನು ಜಾಹ್ನವೇಯ ಕುಲದವನೆಂದೂ ಕಾಣ್ವಾಯನ ಗೋತ್ರದವನೆಂದೂ ಒಂದೇ ಏಟಿಗೆ ಶಿಲಾಸ್ತಂಭವನ್ನು ಕಡಿದವನೆಂದೂ ವರ್ಣಿಸುತ್ತವೆ. ಸಿಂಹನಂದಿಗಳ ಸಂಬಂಧ ಹತ್ತನೆಯ ಶತಮಾನದ ಉದಯೇಂದಿರಂ ತಾಮ್ರಪಟದಲ್ಲಿ ಕಾಣಿಸಿಕೊಳ್ಳುತ್ತದೆ. ಐದು ತೊಡಿಗೆಗಳ ಹಾಗೂ ತಂದೆಯೂರನ್ನು ಬಿಟ್ಟು ಹೊರಟ ಮಕ್ಕಳ ಕಥೆ ಸುಸಂಬದ್ಧವಾಗಿ ದೊರೆಯುವುದು ಹನ್ನೆರಡನೆಯ ಶತಮಾನದ ಶಿವಮೊಗ್ಗದ ಶಾಸನಗಳಲ್ಲಿ. ಆದುದರಿಂದ ಕಥೆಯ ಅಂಶಗಳೆಲ್ಲ ಒಂದೇ ಕಾಲದವಲ್ಲ. ಶಿಲಾಸ್ತಂಭ ಹಳೆಯದು, ಆಚಾರ್ಯರ ಹೆಸರು ಮಧ್ಯದ್ದು, ವಲಸೆ ಮತ್ತು ತೊಡಿಗೆಗಳು ಅನಂತರದವು.

ಹಾಗಾದರೆ ೧೧೨೨ರ ಸುಮಾರಿನಲ್ಲಿ ಈ ಕಥೆಯನ್ನು ಕಲ್ಲಿನಲ್ಲಿ ಬರೆಸಿದವರು ಯಾರು? ಮಂಡಲಿನಾಡನ್ನು ಆಳುತ್ತಿದ್ದ ಗಂಗರ ಶಾಖೆ. ಗಂಗರು ಕುವಲಾಲದಿಂದ ತಲಕಾಡಿಗೆ ನೆಲೆ ಬದಲಿಸಿ ಎಷ್ಟೋ ಶತಮಾನಗಳು ಕಳೆದಿದ್ದುವು. ಆ ತಲಕಾಡೂ ೧೦೦೪ರ ಸುಮಾರಿನಲ್ಲಿ ಚೋಳರ ಪಾಲಾಗಿತ್ತು. ತೊಂಬತ್ತಾರುಸಾಸಿರದ ಒಡೆತನ ಹೋಗಿ, ಮಲೆನಾಡಿನ ಅಂಚಿನ ಒಂದು ನಾಡಿನಲ್ಲಿ ಸಾಮಂತರಾಗಿ ಉಳಿದವರು ಇವರು. ಬಿರುದಿನಲ್ಲಿ ಮಾತ್ರ ಇನ್ನೂ ಕುವಲಾಲಪುರವರೇಶ್ವರರು, ನಂದಗಿರಿನಾಥರು! ರಾಜ್ಯ ಕಳೆದುಕೊಂಡ ಕುಲವು ತನ್ನ ಮೂಲವನ್ನು ಹೇಳಬೇಕಾಗಿ ಬಂದಾಗ, ಆ ಮೂಲವನ್ನೂ ರಾಜ್ಯ ಕಳೆದುಕೊಂಡು ಹೊರಟ ಇಬ್ಬರು ಮಕ್ಕಳ ಕಥೆಯಾಗಿ ಹೇಳಿತು. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹಿಂದೆಯೂ ಒಮ್ಮೆ ಎಲ್ಲವೂ ಹೋಗಿತ್ತು, ಜಿನಧರ್ಮವನ್ನು ಹಿಡಿದುದರಿಂದ ಮರಳಿ ಬಂತು ಎಂಬುದೇ ಆ ಕಥೆಯ ತಾತ್ಪರ್ಯ.

ಹೀಗೆ ಓದಿದರೆ ಐದು ತೊಡಿಗೆಗಳ ಸ್ವರೂಪ ಸ್ಪಷ್ಟವಾಗುತ್ತದೆ. ಅವು ಬೆಲೆಬಾಳುವ ಆಭರಣಗಳೆಂಬುದಕ್ಕಿಂತ ಷರತ್ತಿನ ಮೇಲೆ ಕೊಟ್ಟ ಆಭರಣಗಳೆಂಬುದು ಮುಖ್ಯ. ಸಮ್ಯಕ್ತ್ವ ಇರುವತನಕ ಅವು ಇರುತ್ತವೆ, ಅದು ತಪ್ಪಿದರೆ ಮಾಯವಾಗುತ್ತವೆ. ಆಚಾರ್ಯರು ಕೊನೆಯಲ್ಲಿ ವಿಧಿಸುವ ನಿಯಮಗಳದೂ ಇದೇ ರಚನೆ. ಪೇರೂರಿನ ಪ್ರಸಂಗ ಬಂದೊಡನೆ ಕಥೆಯ ಭಾರವೆಲ್ಲ ಇಂದ್ರನು ಕೊಟ್ಟ ವಸ್ತುಗಳಿಂದ ಆಚಾರ್ಯರು ಕೊಟ್ಟ ವಸ್ತುಗಳ ಮೇಲಕ್ಕೆ ಸರಿಯುತ್ತದೆ. ಹೂವಿನ ಎಸಳು, ನವಿಲುಗರಿ, ಒಂದಿಷ್ಟು ಉಪದೇಶ. ಹೊತ್ತು ತಂದ ಚಿನ್ನಕ್ಕಿಂತ ಬಂದ ಸ್ಥಳದಲ್ಲಿ ಪಡೆದ ನುಡಿ ಹೆಚ್ಚಿನದೆಂದು ಶಾಸನಕವಿ ತಿಳಿದಿದ್ದನು.

೩. ಹೊಂಬುಜದ ಸಾಮ್ಯ

ಈ ಅಭಿಪ್ರಾಯಕ್ಕೆ ಹೊಂಬುಜದ ಸಾಂತರರ ವೃತ್ತಾಂತವೂ ಪೋಷಕವಾಗಿದೆ. ಉತ್ತರಮಧುರೆಯ ಅರಸನಾದ ಸಹಕಾರನು ನರಮಾಂಸಭಕ್ಷಕನಾದುದರಿಂದ ಹೇಸಿ ಅವನ ಮಗ ಜಿನದತ್ತನು ದಕ್ಷಿಣಕ್ಕೆ ಬಂದನೆಂಬುದು ಪ್ರಸಿದ್ಧವಾಗಿದೆ. ಇಂದು ಕ್ಷೇತ್ರಕ್ಕೆ ಹೋದ ಯಾತ್ರಿಕರು ಕೇಳುವ ಐತಿಹ್ಯದಲ್ಲಿ ಜಿನದತ್ತನು ಪದ್ಮಾವತಿಯ ಬಂಗಾರದ ಬಿಂಬವನ್ನು ಬೆನ್ನಿಗೆ ಕಟ್ಟಿಕೊಂಡು ಕುದುರೆಯೇರಿ ಓಡಿಬರುತ್ತಾನೆ. ಈ ಬಿಂಬವೇ ಆ ಕಥೆಯ ಜೀವ. ಆದರೆ ಹೊಂಬುಜದ ೧೦೭೭ರ ಶಾಸನದ ಕಥನಕ್ರಮ ಬೇರೆ. ಅಲ್ಲಿ ಜಿನದತ್ತನು ಅಸುರರನ್ನು ಗೆದ್ದು ಬರುತ್ತಾನೆ. ಅವನ ಶೌರ್ಯಕ್ಕೆ ಮೆಚ್ಚಿದ ದೇವಿಯು ಅಲ್ಲಿಯ ಲೊಕ್ಕಿಯ ಮರದಲ್ಲಿ ನೆಲೆಸಿ ಲೊಕ್ಕಿಯಬ್ಬೆಯೆನಿಸುತ್ತಾಳೆ, ಅವನಿಗೆ ಊರನ್ನು ಕಟ್ಟಿಕೊಡುತ್ತಾಳೆ.

ವ್ಯತ್ಯಾಸವನ್ನು ಗಮನಿಸಬೇಕು. ಹಳೆಯ ಕಥನದಲ್ಲಿ ದೈವವು ಬಂದ ನೆಲದಲ್ಲಿ, ಆ ನೆಲದ ಮರದಲ್ಲಿ ದೊರೆಯುತ್ತದೆ. ಅನಂತರದ ಐತಿಹ್ಯದಲ್ಲಿ ಅದು ಬಿಟ್ಟುಬಂದ ನೆಲದಿಂದ ಹೊತ್ತು ತಂದದ್ದಾಗುತ್ತದೆ. ಕಾಲ ಕಳೆದಂತೆ ಕುರುಹು ಕಳೆದುಹೋಗುವುದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಇಲ್ಲಿ ಕಾಲ ಕಳೆದಂತೆ ಕುರುಹು ಬೆಳೆದಿದೆ. ಮನೆಯವರು ಹೇಳುವ ‘ಹೊತ್ತು ತಂದದ್ದು’ ಎಂಬ ಮಾತನ್ನು ಕೇಳುವಾಗ ಈ ನಿದರ್ಶನ ನೆನಪಿನಲ್ಲಿರಬೇಕು. ಇದರಿಂದ ಕ್ಷೇತ್ರದ ಮಹಿಮೆಗೆ ಕುಂದೇನೂ ಇಲ್ಲ. ಭಕ್ತಿಯ ಪ್ರಮಾಣ ಬೇರೆ, ಲಿಪಿಕಾಲದ ಪ್ರಮಾಣ ಬೇರೆ.

ಎಲ್ಲ ವಲಸೆಯ ಕಥೆಗಳಲ್ಲಿಯೂ ವಸ್ತುವಿರಲೇಬೇಕೆಂಬ ನಿಯಮವೂ ಇಲ್ಲ. ಕೋಲಾರ ಸೀಮೆಗೆ ನೆರೆಯದಾದ ಆವತಿಯ ನಾಡಪ್ರಭುಗಳ ಐತಿಹ್ಯದಲ್ಲಿ ಏಳು ಮಂದಿ ಒಕ್ಕಲಿಗರು ಕಂಚಿಯ ಕಡೆಯಿಂದ ಬಂಡಿಗಳಲ್ಲಿ ಸಂಸಾರಸಮೇತ ಹೊರಟು ಬರುತ್ತಾರೆ. ಮನೆಯ ಹೆಣ್ಣುಮಗಳನ್ನು ಬಲಿಷ್ಠನೊಬ್ಬನ ಬಲವಂತದಿಂದ ಉಳಿಸಿಕೊಳ್ಳುವುದೇ ಅವರ ಪ್ರಯಾಣದ ಕಾರಣ. ಅಲ್ಲಿ ಕಾಪಾಡಿ ತಂದದ್ದು ಒಂದು ಜೀವವನ್ನೇ ಹೊರತು ಒಡವೆಯನ್ನಲ್ಲ. ಹೀಗೆ ವಲಸೆಯ ಕಥೆಯು ಆಯಾ ಕುಲ ಯಾವುದನ್ನು ಅತ್ಯಂತ ಬೆಲೆಯುಳ್ಳದ್ದೆಂದು ಎಣಿಸುತ್ತಿತ್ತೋ ಅದನ್ನು ತಿಳಿಸುತ್ತದೆ.

೪. ದೇಮಿಯಕ್ಕನ ಓಲೆಕಟ್ಟು

ಮಂಡಲಿನಾಡಿನ ಗಂಗರು ಹೇಳಿಕೊಂಡ ಐದು ತೊಡಿಗೆಗಳನ್ನು ಇಂದು ಕಂಡವರಿಲ್ಲ. ಆದರೆ ಅದೇ ಮನೆತನದಿಂದ ಹೊರಟ ವಸ್ತುವೊಂದು ಇಂದಿಗೂ ನಮ್ಮೆದುರಿಗಿದೆ. ಅದು ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳಲ್ಲಿ ಒಂದಾದ ಧವಲೆಯ ತಾಡಪತ್ರ ಪ್ರತಿ.

ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಧವಲಾಟೀಕೆಯನ್ನು ಮುಗಿಸಿದುದು ೮೧೬ರಲ್ಲಿ. ಜಿನಸೇನಾಚಾರ್ಯರು ಜಯಧವಲೆಯನ್ನು ಪೂರೈಸಿದುದು ೮೩೭ರಲ್ಲಿ. ಈ ಮಹಾಗ್ರಂಥಗಳ ಪ್ರಾಚೀನ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಮಾತ್ರ ಉಳಿದುಬಂದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕಾರ್ಯ ಮೊದಲಾಯಿತು. ೧೯೩೯ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆ ಹದಿನಾರು ಸಂಪುಟಗಳಲ್ಲಿ ಪ್ರಕಟವಾದುದನ್ನು ವಾಚಕರು ಬಲ್ಲರು.

ಧವಲೆಯ ಪ್ರತಿಯ ಕೊನೆಯಲ್ಲಿರುವ ಪ್ರಶಸ್ತಿಯ ಪ್ರಕಾರ, ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಇದನ್ನು ಬರೆಯಿಸಿ ಬನ್ನಿಕೆರೆಯ ಉತ್ತುಂಗ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ದಾನವಾಗಿ ಕೊಟ್ಟಳು. ಆ ಬನ್ನಿಕೆರೆಯ ಬಸದಿಯನ್ನು ಅದೇ ಭುಜಬಲಗಂಗನ ರಾಣಿ ಬಾಚಲದೇವಿ ೧೧೧೩ರ ಸುಮಾರಿನಲ್ಲಿ ಕಟ್ಟಿಸಿದಳೆಂದು ಶಾಸನದಿಂದ ತಿಳಿದುಬರುತ್ತದೆ. ಶುಭಚಂದ್ರದೇವರು ಶಕವರ್ಷ ೧೦೪೫ರಲ್ಲಿ, ಎಂದರೆ ೧೧೨೩ರಲ್ಲಿ, ದೇಹತ್ಯಾಗ ಮಾಡಿದರೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಈ ಇಬ್ಬರೂ ಶುಭಚಂದ್ರರು ಒಬ್ಬರೇ ಎಂಬ ವಿದ್ವಾಂಸರ ನಿರ್ಣಯವನ್ನು ಒಪ್ಪಿದರೆ, ಈ ದಾನ ನಡೆದುದು ಆ ಹತ್ತು ವರ್ಷಗಳ ಒಳಗೆ. ಕಲ್ಲೂರುಗುಡ್ಡದ ಶಾಸನದ ಕಾಲವೂ ಅದೇ.

ಇದು ವಿಶೇಷವಾಗಿ ಪರ್ಯಾಲೋಚಿಸಬೇಕಾದ ಸಂಗತಿ. ಒಂದೇ ಮನೆತನ, ಒಂದೇ ದಶಕ. ಒಂದು ಕಡೆ ಕಲ್ಲಿನಲ್ಲಿ ಐದು ತೊಡಿಗೆಗಳ ಕಥೆ, ಇನ್ನೊಂದು ಕಡೆ ಓಲೆಯಲ್ಲಿ ಸಿದ್ಧಾಂತ ಗ್ರಂಥ. ಕುಲವು ತನ್ನ ಹೆಮ್ಮೆಯೆಂದು ಕಲ್ಲಿನಲ್ಲಿ ಕೊರೆಯಿಸಿದ ಕುರುಹು ಮಾಯವಾಯಿತು. ಹೆಂಗಸೊಬ್ಬಳು ನೋಂಪಿಯ ಕೊನೆಯಲ್ಲಿ ಕೈಯೆತ್ತಿ ಕೊಟ್ಟುಬಿಟ್ಟ ವಸ್ತು ಒಂಬೈನೂರು ವರ್ಷ ಬಾಳಿತು. ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟ ಮಲ್ಲಿಕಬ್ಬೆಯ ವಿಷಯವೂ ಹೀಗೆಯೇ. ಇದ್ದ ಸ್ಥಳದಲ್ಲಿ ಬಚ್ಚಿಟ್ಟುದು ಉಳಿಯಲಿಲ್ಲ, ಕೊಟ್ಟುದು ಉಳಿಯಿತು ಎಂದರೆ ಅತಿಶಯೋಕ್ತಿಯಾಗದು.

ಆದರೆ ಮಲೆನಾಡಿನ ಬನ್ನಿಕೆರೆಗೆ ಸಂದ ಗ್ರಂಥ ಘಟ್ಟದ ಕೆಳಗಿನ ಮೂಡಬಿದಿರೆಗೆ ಹೇಗೆ ಬಂತು? ಪ್ರಶಸ್ತಿ ಇದನ್ನು ಹೇಳಲಾರದು. ಪ್ರಶಸ್ತಿ ಬರೆದಾಗ ಆ ಪ್ರಯಾಣ ಇನ್ನೂ ನಡೆದಿರಲಿಲ್ಲ. ಸಂಕಟಕಾಲದಲ್ಲಿ ರಕ್ಷಣೆಗಾಗಿ ಶ್ರವಣಬೆಳಗೊಳದಿಂದ ತರಲಾಯಿತೆಂದು ಐತಿಹ್ಯವಿದೆ. ಬಂಕಾಪುರದಿಂದ ಬಂತೆಂಬ ಮಾತೂ ಉಂಟು. ಇವುಗಳಲ್ಲಿ ಮೊದಲನೆಯದಕ್ಕೆ ಒಂದು ಪರೋಕ್ಷವಾದ ಆಸರೆ ದೊರೆಯುತ್ತದೆ. ಗ್ರಂಥವನ್ನು ಸ್ವೀಕರಿಸಿದ ಶುಭಚಂದ್ರದೇವರ ನಿಷಿಧಿ ಬೆಳಗೊಳದಲ್ಲಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಅವರ ಶಿಷ್ಯ. ಆದುದರಿಂದ ಗ್ರಂಥವು ಗುರುಗಳೊಡನೆಯೋ ಅವರ ಶಿಷ್ಯಪರಂಪರೆಯೊಡನೆಯೋ ಬನ್ನಿಕೆರೆಯಿಂದ ಬೆಳಗೊಳಕ್ಕೆ ಹೋಗಿರುವುದು ಸಂಭವನೀಯ. ಹಾಗೆ ಹೋಗಿದ್ದರೆ ಅದು ಪಲಾಯನವಲ್ಲ, ವಿಹಾರ. ಹೊತ್ತವರು ದೇಶಭ್ರಷ್ಟರಲ್ಲ, ಶಿಷ್ಯರು. ಬೆಳಗೊಳದಿಂದ ಮೂಡಬಿದಿರೆಗೆ ನಡೆದ ಎರಡನೆಯ ಪ್ರಯಾಣಕ್ಕೆ ಮಾತ್ರ ಐತಿಹ್ಯದ ಸಂಕಟಕಾಲ ಅನ್ವಯವಾಗಬಹುದು. ಒಂದೇ ಗ್ರಂಥದ ಒಂದು ಪ್ರಯಾಣ ದಾನದ್ದು, ಇನ್ನೊಂದು ಪರಂಪರೆಯದು, ಮತ್ತೊಂದು ಭಯದ್ದು ಆಗಿರಬಹುದು. ಎಲ್ಲವನ್ನೂ ‘ಹೊತ್ತು ತಂದದ್ದು’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ.

ಇಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಪ್ರತಿ ಮಾಡುವವನು ಮೂಲದ ಪ್ರಶಸ್ತಿಯನ್ನೂ ಯಥಾವತ್ತಾಗಿ ಎತ್ತಿ ಬರೆಯುವುದುಂಟು. ಆಗ ಪ್ರಶಸ್ತಿಯ ಕಾಲ ಗರಿಯ ಕಾಲವಾಗದು. ಪ್ರಶಸ್ತಿ, ಲಿಪಿ, ಗರಿಯ ಜಾತಿ, ಮಸಿ, ಚಿತ್ರಪತ್ರಗಳ ಶೈಲಿ ಇವೆಲ್ಲ ಒಂದಕ್ಕೊಂದು ಹೊಂದಿದಾಗ ಮಾತ್ರ ನಿರ್ಣಯ ಗಟ್ಟಿಯಾಗುತ್ತದೆ. ಮೂಡಬಿದಿರೆಯ ಧವಲೆಯ ಗರಿಗಳು ಕಂಟದಿಂದ ಕೊರೆದವಲ್ಲ, ಮಸಿಯಿಂದ ಬರೆದವು. ಅವುಗಳಲ್ಲಿ ಚಿತ್ರಗಳೂ ಇವೆ. ಇಂಥ ಶ್ರೀತಾಳದ ಗರಿಗಳನ್ನು ಓಡುವವರು ಬರೆಯಲಿಲ್ಲ. ನೆಲೆ ನಿಂತವರು ನಿಧಾನವಾಗಿ, ದ್ರವ್ಯವನ್ನು ವ್ಯಯಿಸಿ ಬರೆಯಿಸಿದ ಗ್ರಂಥಗಳಿವು.

೫. ಇತ್ತೀಚಿನ ಒಂದು ಸಾಕ್ಷ್ಯ

ನಿಜವಾಗಿ ಊರು ಬಿಡಬೇಕಾಗಿ ಬಂದಾಗ ಜೈನ ಕುಟುಂಬಗಳು ಏನನ್ನು ಒಯ್ಯುತ್ತವೆ ಎಂಬುದಕ್ಕೆ ಹತ್ತಿರದ ಕಾಲದ ಸಾಕ್ಷ್ಯವೇ ಇದೆ. ೧೯೪೭ರ ದೇಶವಿಭಜನೆಯಲ್ಲಿ ಮುಲ್ತಾನಿನ ದಿಗಂಬರ ಜೈನ ಸಮಾಜದವರು ತಮ್ಮ ಜಿನಬಿಂಬಗಳನ್ನೂ ಶಾಸ್ತ್ರಗ್ರಂಥಗಳನ್ನೂ ವಿಮಾನದಲ್ಲಿ ತಂದರು. ಮುಂದೆ ಜಯಪುರದ ಆದರ್ಶನಗರದಲ್ಲಿ ಅವು ನೆಲೆಗೊಂಡುವು. ಗುಜ್ರಾನ್‌ವಾಲಾದಲ್ಲಿದ್ದ ಶ್ವೇತಾಂಬರ ಆಚಾರ್ಯ ವಿಜಯವಲ್ಲಭಸೂರಿಗಳು ಸಂಘದೊಡನೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೃತಸರವನ್ನು ಸೇರಿದರು. ಅಲ್ಲಿಯ ಭಂಡಾರದ ಹಸ್ತಪ್ರತಿಗಳು ಅವರೊಡನೆ ಬರಲಿಲ್ಲ. ಅವು ಅನಂತರ ಬಹು ಪ್ರಯತ್ನದಿಂದ ಭಾರತಕ್ಕೆ ಬಂದು ಈಗ ದೆಹಲಿಯ ಭೋಗೀಲಾಲ್ ಲೆಹರ್‌ಚಂದ್ ಸಂಸ್ಥೆಯಲ್ಲಿವೆ.

ಈ ಎರಡು ಘಟನೆಗಳಿಂದ ತಿಳಿಯುವುದೇನು? ಮೊದಲನೆಯದಾಗಿ, ಜನ ಓಡುವಾಗ ಗ್ರಂಥ ಒಯ್ದರೆಂಬುದು ಕೇವಲ ಕಥೆಯಲ್ಲ. ಅದು ನಮ್ಮ ಕಾಲದಲ್ಲಿಯೇ ನಡೆದಿದೆ. ಆದ್ದರಿಂದ ಗಡಿಸೀಮೆಯ ಮನೆಯವರ ಮಾತನ್ನು ನಕ್ಕು ತಳ್ಳುವ ಅಧಿಕಾರ ನಮಗಿಲ್ಲ. ಎರಡನೆಯದಾಗಿ, ಜನರ ಪ್ರಯಾಣವೂ ಗ್ರಂಥದ ಪ್ರಯಾಣವೂ ಯಾವಾಗಲೂ ಒಂದೇ ದಿನದ್ದಲ್ಲ. ಗ್ರಂಥ ಮುಂಚೆ ಹೋಗಿರಬಹುದು, ವರ್ಷಗಳ ಮೇಲೆ ಬಂದಿರಬಹುದು. ಸ್ಮೃತಿ ಮಾತ್ರ ಎರಡನ್ನೂ ಒಂದೇ ರಾತ್ರಿಗೆ ಸೇರಿಸಿಬಿಡುತ್ತದೆ.

೬. ಗ್ರಂಥಸೂಚಿಗಳ ವಿಮರ್ಶೆ

ಇನ್ನು ನಮ್ಮ ಸೂಚೀಕಾರರ ಕ್ರಮವನ್ನು ವಿಚಾರಿಸೋಣ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ ಭಾರತೀಯ ಜ್ಞಾನಪೀಠವು ೧೯೪೮ರಲ್ಲಿ ಪ್ರಕಟಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಈ ಕ್ಷೇತ್ರದ ಮಹೋಪಕಾರಕ ಕೃತಿ. ಮೂಡಬಿದಿರೆ, ಕಾರ್ಕಳ ಮೊದಲಾದ ಭಂಡಾರಗಳ ಸಂಪತ್ತು ಉತ್ತರದ ವಿದ್ವಾಂಸರಿಗೆ ತಿಳಿದುಬಂದುದು ಬಹುಮಟ್ಟಿಗೆ ಇದರಿಂದ. ಅಂದಿನ ಪರಿಸ್ಥಿತಿಯಲ್ಲಿ ಒಬ್ಬ ಪಂಡಿತರು ಇಷ್ಟು ಕಟ್ಟುಗಳನ್ನು ಬಿಚ್ಚಿ, ಓದಿ, ವಿಂಗಡಿಸಿದುದೇ ಆಶ್ಚರ್ಯ. ಇದರ ಋಣ ತೀರುವಂಥದಲ್ಲ.

ಆದರೂ ಒಂದು ಮಾತನ್ನು ವಿನಯಪೂರ್ವಕ ಹೇಳಬೇಕಾಗಿದೆ. ಈ ಸೂಚಿಯ ಮತ್ತು ಇದನ್ನು ಅನುಸರಿಸಿ ಬಂದ ಅನೇಕ ಸೂಚಿಗಳ ದೃಷ್ಟಿ ಕೃತಿಯ ಮೇಲಿದೆ, ಕಟ್ಟಿನ ಮೇಲಿಲ್ಲ. ಗ್ರಂಥ, ಕರ್ತೃ, ಭಾಷೆ, ವಿಷಯ, ಪತ್ರಸಂಖ್ಯೆ ದೊರೆಯುತ್ತವೆ. ಆದರೆ 'ಈ ಕಟ್ಟು ಇಲ್ಲಿಗೆ ಯಾವ ಮನೆಯಿಂದ ಬಂತು, ಕೊಟ್ಟವರು ಏನು ಹೇಳಿ ಕೊಟ್ಟರು, ಗ್ರಂಥಕ್ಕೆ ಸೇರದ ಬಿಡಿ ಗರಿಗಳು ಇದರೊಳಗೆ ಏನೇನಿದ್ದುವು' ಎಂಬುದಕ್ಕೆ ಅಂಕಣವೇ ಇಲ್ಲ. ಇದು ವ್ಯಕ್ತಿಯ ದೋಷವಲ್ಲ, ಪದ್ಧತಿಯ ದೋಷ. ಕೃತಿಯನ್ನು ಕಾಪಾಡುವುದೇ ಆಗ ತುರ್ತಾಗಿತ್ತು. ಈಗ ಆ ಕಾರಣ ಉಳಿದಿಲ್ಲ. ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ೨೦೦೩ರಲ್ಲಿ ಆರಂಭವಾದ ಮೇಲೆ ಎಣಿಕೆಯೂ ಛಾಯಾಪ್ರತಿಯೂ ಬಹಳ ಮುಂದುವರಿದಿವೆ. ಆದರೆ ಗರಿಯ ಛಾಯೆ ತೆಗೆಯುವ ಯಂತ್ರ ಮನೆಯವರ ಮಾತನ್ನು ತೆಗೆಯದು.

ಮನೆಯ ಕಟ್ಟುಗಳನ್ನು ಬಿಚ್ಚಿದವರಿಗೆ ತಿಳಿದಂತೆ, ಕಾವ್ಯಪುರಾಣಗಳ ಗರಿಗಳ ನಡುವೆ ಬೇರೆ ಸರಕೂ ಇರುತ್ತದೆ. ಜಾತಕದ ಓಲೆ, ನೋಂಪಿಯ ಕಥೆ, ಸಾಲದ ಲೆಕ್ಕ, ಭೋಗ್ಯಪತ್ರ, ಕ್ರಯಪತ್ರ, ವಂಶಾವಳಿ, ಹೆಣ್ಣುಮಕ್ಕಳಿಗೆ ಕೊಟ್ಟ ಒಡವೆಗಳ ಪಟ್ಟಿ. ಕಾವ್ಯದ ಪ್ರತಿ ಬೇರೆಡೆಯೂ ಸಿಗಬಹುದು. ಇಂಥ ಚೀಟಿಗೆ ಎರಡನೆಯ ಪ್ರತಿ ಇಲ್ಲ. ಬಿಟ್ಟುಬಂದ ಊರಿನ ಹೆಸರು ಇರುವುದಾದರೆ ಆ ಭೋಗ್ಯಪತ್ರದಲ್ಲಿ ಇರುತ್ತದೆ. ಹೊರಟ ಕಾಲ ತಿಳಿಯುವುದಾದರೆ ಲೆಕ್ಕ ನಿಂತುಹೋದ ಗರಿಯಿಂದ ತಿಳಿಯುತ್ತದೆ. ‘ಇತರ ಬಿಡಿ ಪತ್ರಗಳು, ಅನುಪಯುಕ್ತ’ ಎಂದು ಬರೆದು ಬದಿಗಿಟ್ಟಾಗ ನಾವು ಬದಿಗಿಡುವುದು ಮನೆಯವರ ಮಾತನ್ನು ಪರೀಕ್ಷಿಸಬಲ್ಲ ಏಕಮಾತ್ರ ಸಾಧನವನ್ನು. ಆಮೇಲೆ ಆ ಮಾತಿಗೆ ಆಧಾರವಿಲ್ಲವೆಂದು ನಾವೇ ತೀರ್ಪು ಕೊಡುತ್ತೇವೆ!

೭. ಗಡಿಸೀಮೆಗೆ ಅನ್ವಯ

ಮತ್ತೆ ಗೌನಿಪಲ್ಲಿಯ ಸೀಮೆಗೆ ಬರೋಣ. ಈ ಭಾಗದಲ್ಲಿ ಜೈನಧರ್ಮದ ಪ್ರಾಚೀನತೆ ನಿರ್ವಿವಾದವಾದುದು. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ನಂದಿಯ ಗೋಪಿನಾಥಗುಡ್ಡದಲ್ಲಿ ಅರ್ಹಂತರ ಚೈತ್ಯವನ್ನು ಕುರಿತ ಸಂಸ್ಕೃತ ಶಾಸನವಿದೆ. ಆದರೆ ಧರ್ಮದ ಪ್ರಾಚೀನತೆಯಿಂದ ಪ್ರತಿಯೊಂದು ಕಟ್ಟಿನ ಪ್ರಾಚೀನತೆ ಸಿದ್ಧವಾಗುವುದಿಲ್ಲ.

ಉದಾಹರಣೆಗೆ, ಊರ ಹೆಸರಿನ ‘ಪಲ್ಲಿ’ ಎಂಬ ಪದವನ್ನು ಹಿಡಿದು ಇದು ಜೈನರ ಪಳ್ಳಿಯಾಗಿತ್ತೆಂದು ವಾದಿಸುವವರಿದ್ದಾರೆ. ತಮಿಳು ಶಾಸನಗಳಲ್ಲಿ ‘ಪಳ್ಳಿ’ ಜೈನ ಅಥವಾ ಬೌದ್ಧ ವಿಹಾರಕ್ಕೂ ‘ಪಳ್ಳಿಚ್ಚಂದಂ’ ಅದಕ್ಕೆ ಬಿಟ್ಟ ಭೂಮಿಗೂ ಸಲ್ಲುವುದು ನಿಜ. ಆದರೆ ತೆಲುಗಿನಲ್ಲಿ ‘ಪಲ್ಲೆ’, ‘ಪಲ್ಲಿ’ ಎಂದರೆ ಕೇವಲ ಊರು. ಮದನಪಲ್ಲಿ, ಬಾಗೇಪಲ್ಲಿ, ಗೌನಿಪಲ್ಲಿಗಳೆಲ್ಲ ಬಸದಿಗಳಿದ್ದ ಸ್ಥಳಗಳೆಂದು ಹೆಸರಿನಿಂದಲೇ ಹೇಳುವುದು ಶಾಸ್ತ್ರವಲ್ಲ. ಶಾಸನವೋ ಶಿಲ್ಪವೋ ದೊರೆತ ಕಡೆ ಮಾತ್ರ ಆ ಊಹೆಗೆ ಅವಕಾಶ. ನಮ್ಮ ಧರ್ಮದ ಮೇಲಣ ಅಭಿಮಾನ ನಮ್ಮ ಪ್ರಮಾಣಗಳನ್ನು ಸಡಿಲಗೊಳಿಸಬಾರದು.

ಲಿಪಿಯ ವಿಷಯದಲ್ಲಿಯೂ ಹೀಗೆಯೇ. ಗಡಿಸೀಮೆಯಲ್ಲಿ ತೆಲುಗು ಲಿಪಿಯಲ್ಲಿ ಬರೆದ ಕನ್ನಡ ಕೃತಿ ದೊರೆತರೆ, ಅದು ಆಂಧ್ರದಿಂದ ಹೊತ್ತು ತಂದುದೆಂದು ಹೇಳುವ ಮೊದಲು, ಈ ಊರಿನಲ್ಲಿಯೇ ತೆಲುಗು ಅಕ್ಷರ ಕಲಿತವನು ತನಗಾಗಿ ಬರೆದುಕೊಂಡುದಾಗಿರಬಹುದೆಂಬುದನ್ನು ಯೋಚಿಸಬೇಕು. ಲಿಪಿಯು ಬರೆದವನ ಓದನ್ನು ಹೇಳುತ್ತದೆ, ಅವನ ಊರನ್ನು ಯಾವಾಗಲೂ ಹೇಳುವುದಿಲ್ಲ.

ಆದುದರಿಂದ ಮನೆಗಳಿಂದ ಕಟ್ಟುಗಳನ್ನು ಸಂಗ್ರಹಿಸುವ ವಿದ್ವಾಂಸರು ಪಾಲಿಸಬೇಕಾದ ಕ್ರಮವನ್ನು ಸಂಕ್ಷೇಪವಾಗಿ ಸೂಚಿಸಬಯಸುತ್ತೇನೆ. ಕಟ್ಟನ್ನು ಬಿಚ್ಚುವ ಮೊದಲು ಮನೆಯವರ ಮಾತನ್ನು ಅವರ ಭಾಷೆಯಲ್ಲಿಯೇ, ತೆಲುಗಾದರೆ ತೆಲುಗಿನಲ್ಲಿಯೇ, ಬರೆದುಕೊಳ್ಳಬೇಕು. ಬಿಚ್ಚಿದಾಗ ಗರಿಗಳು ಇದ್ದ ಅನುಕ್ರಮವನ್ನು ಗುರುತುಮಾಡಿ, ಬಿಡಿ ಪತ್ರಗಳು ಯಾವ ಗರಿಗಳ ನಡುವೆ ಇದ್ದುವೆಂಬುದನ್ನು ದಾಖಲಿಸಬೇಕು. ಹಲಗೆ, ದಾರ, ಸುತ್ತಿದ ಬಟ್ಟೆ ಇವನ್ನೂ ವರ್ಣಿಸಬೇಕು. ಕುಟುಂಬದ ಹೇಳಿಕೆ, ಪ್ರಶಸ್ತಿಯ ಹೇಳಿಕೆ, ಲಿಪಿ ಮತ್ತು ಗರಿಗಳ ಸಾಕ್ಷ್ಯ ಈ ಮೂರನ್ನು ಮೂರು ಬೇರೆ ಅಂಕಣಗಳಲ್ಲಿ ಬರೆಯಬೇಕು. ಒಂದನ್ನು ಇನ್ನೊಂದರಿಂದ ತಿದ್ದಬಾರದು. ಮೂರೂ ಹೊಂದಿದರೆ ಸಂತೋಷ. ಹೊಂದದಿದ್ದರೆ ಆ ಹೊಂದದಿರುವಿಕೆಯೇ ಮುಂದಿನ ಸಂಶೋಧಕನಿಗೆ ನಾವು ಬಿಟ್ಟುಹೋಗುವ ಆಸ್ತಿ. ಹಾಗೆಯೇ ಕಟ್ಟನ್ನು ಭಂಡಾರಕ್ಕೆ ಒಪ್ಪಿಸಿದ ಮನೆಗೆ ಬಿಡಿ ಪತ್ರಗಳ ಪಾಠವನ್ನಾದರೂ ಬರೆದು ಹಿಂದಿರುಗಿಸಬೇಕು. ಗ್ರಂಥ ಲೋಕಕ್ಕೆ ಸೇರಿದುದು, ಅಜ್ಜನ ಲೆಕ್ಕದ ಓಲೆ ಮೊಮ್ಮಕ್ಕಳಿಗೆ ಸೇರಿದುದು.

ದಡಿಗ ಮಾಧವರ ತೊಡಿಗೆಗಳು ಇದ್ದುವೋ ಇಲ್ಲವೋ ನಿರ್ಣಯಿಸುವ ಸಾಧನ ನಮ್ಮಲ್ಲಿಲ್ಲ. ದೇಮಿಯಕ್ಕ ಇದ್ದಳು ಎಂಬುದಕ್ಕೆ ಸಾಧನವಿದೆ, ಏಕೆಂದರೆ ಲಿಪಿಕಾರನು ಕೊಟ್ಟವಳ ಹೆಸರನ್ನೂ, ಪಡೆದವರ ಹೆಸರನ್ನೂ, ಊರನ್ನೂ, ಕಾರಣವನ್ನೂ ಗ್ರಂಥದ ಕೊನೆಯಲ್ಲಿ ಬರೆದನು. ಒಂಬೈನೂರು ವರ್ಷಗಳ ಹಿಂದೆ ಆ ಲಿಪಿಕಾರನು ತೋರಿದ ಎಚ್ಚರವನ್ನು ಇಂದಿನ ಸೂಚೀಕಾರರು ತೋರದಿದ್ದರೆ, ಗಡಿಸೀಮೆಯ ಅಟ್ಟಗಳಿಂದ ಇಳಿದು ಬರುವ ಓಲೆಕಟ್ಟುಗಳು ನಮ್ಮ ಭಂಡಾರಗಳಲ್ಲಿ ಕ್ರಮಾಂಕವನ್ನು ಪಡೆಯುತ್ತವೆ, ಮನೆತನವನ್ನು ಕಳೆದುಕೊಳ್ಳುತ್ತವೆ. ಅದೂ ಒಂದು ದೇಶಭ್ರಷ್ಟತೆಯೇ. ಅದಕ್ಕೆ ಕಾರಣರಾಗದಿರುವುದು ಶ್ರುತಸೇವೆಯ ಒಂದು ಅಂಗವೆಂದು ನಾನು ಭಾವಿಸುತ್ತೇನೆ.